ನನ್ನ ಐತಪ್ಪನಿಗೆ ಬಂದ ಸಂಬಂಧ

ಸುಳ್ಳು ಬರೆದು ಸುಮ್ಮನೆ ಕುಳಿತವನಿಗೆ ಇಂಥವು ಆಗುತ್ತಲೇ ಇರುತ್ತವೆ. ಧಾರಾವಾಹಿ ನಿಂತರೂ ಅವು ನಿಲ್ಲುವುದಿಲ್ಲ.

ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಬೇರೆಯವರಿಗೆ ಮಾತನಾಡಬೇಡಿ ಎಂದು ಹೇಳಿ ಹೇಳಿ ನನಗೂ ಮಾತು ಕಡಿಮೆ. ಎರಡು ವರ್ಷದ ಹಿಂದೆ ಊರಿನ ವಾರಪತ್ರಿಕೆಯೊಂದಕ್ಕೆ ಸಾಹಸದ ಧಾರಾವಾಹಿ ಬರೆದೆ. ಎರಡು ಮಹಾಯುದ್ಧಗಳ ನಡುವಿನ ಒಂದೇ ವರ್ಷದ ಕಥೆ. ನಾಯಕ ಐತಪ್ಪ, ಅಂಚೆ ಓಟಗಾರ. ಟಪಾಲಿನ ಚೀಲ ಹೊತ್ತು, ಗೆಜ್ಜೆ ಕಟ್ಟಿದ ಈಟಿ ಹಿಡಿದು, ಪುತ್ತೂರಿನಿಂದ ಸುಳ್ಯಕ್ಕೂ ಕಡಬಕ್ಕೂ ಕಾಡುದಾರಿಯಲ್ಲಿ ಓಡುವವ.

ಆ ವರ್ಷ ನಿಜವಾಗಿ ನಡೆದದ್ದು ಇಷ್ಟೇ. ನನ್ನ ಅಜ್ಜನ ತಮ್ಮ, ಚಿಕ್ಕಜ್ಜ, ಅಂಚೆ ಓಟಗಾರನಾಗಿದ್ದ. ಬೆಳ್ಳಾರೆಯ ಹತ್ತಿರ ಒಂದು ಕಾಡುಹಂದಿ ಕಂಡು, ಚೀಲ ಈಟಿ ಎರಡನ್ನೂ ಬಿಸಾಡಿ ಹಲಸಿನ ಮರ ಹತ್ತಿದ. ಹಂದಿ ತನ್ನ ಪಾಡಿಗೆ ಹೋದ ಮೇಲೂ ಸಂಜೆಯವರೆಗೆ ಇಳಿಯಲಿಲ್ಲ. ಕೆಲವು ತಿಂಗಳಲ್ಲಿ ಜ್ವರ ಬಂದು, ಇಪ್ಪತ್ತೆರಡಕ್ಕೇ ತೀರಿಕೊಂಡ. ನಮ್ಮ ಮನೆಯನ್ನು ಬಹಳ ಕಾಲ 'ಮರ ಹತ್ತಿದವರ ಮನೆ' ಎಂದೇ ಕರೆಯುತ್ತಿದ್ದರಂತೆ.

ನಾನು ಹಂದಿಯನ್ನು ಹುಲಿ ಮಾಡಿದೆ. ಮರವನ್ನು ತೆಗೆದೆ. ಚಿಕ್ಕಜ್ಜನ ಜಾಗದಲ್ಲಿ ಐತಪ್ಪನನ್ನು ನಿಲ್ಲಿಸಿದೆ.

ಮೊದಲ ಕಂತಿನ ಮೇಲೆ ಸಂಪಾದಕರು 'ನಮ್ಮ ನೆಲದಲ್ಲಿ ನಡೆದ ಕಥೆ' ಎಂದು ಹಾಕಿದರು.

"ಅರ್ಧ ನಡೆದದ್ದು, ಅರ್ಧ ನಡೆಯದ್ದು," ಎಂದೆ.

"ಅಷ್ಟು ಉದ್ದಕ್ಕೆ ಜಾಗ ಇಲ್ಲ ಮಾರಾಯ್ರೆ."

ನಾನು ಸುಮ್ಮನಾದೆ. ಮುಂದಿನದ್ದೆಲ್ಲ ಆ ಸುಮ್ಮನಿದ್ದದ್ದರ ಫಲ.

ಎಡಗಾಲು

ಮೂರನೆಯ ಕಂತಿನಲ್ಲಿ ಐತಪ್ಪ ಕಡಬದ ಹತ್ತಿರ ಹೊಳೆಯನ್ನು ಬಂಡೆಯಿಂದ ಬಂಡೆಗೆ ಹಾರಿ ದಾಟಿದ. ಒಂದು ತಿಂಗಳ ಬಳಿಕ ಆ ಕಡೆ ಜೀಪಿನಲ್ಲಿ ಹೋಗುತ್ತಿದ್ದೆ. ಚಾಲಕ ಹೊಳೆಯ ಬದಿಯಲ್ಲಿ ಜೀಪು ನಿಧಾನ ಮಾಡಿದ.

"ಅದು ಕಂಡಿತಾ? ಐತಪ್ಪ ಹಾರಿದ ಕಲ್ಲು. ಹೆಜ್ಜೆಯ ಗುರುತು ಈಗಲೂ ಉಂಟು. ಎಡಗಾಲಿನದ್ದು."

"ಹೌದಾ?" ಎಂದೆ.

"ಎಂತ ಹೌದಾ? ಪೇಪರಿನಲ್ಲಿ ಬರ್ತಾ ಉಂಟಲ್ಲ. ನಮ್ಮ ಊರಿನ ವಿಷಯ ಸ್ವಲ್ಪ ಓದಬೇಕು ಮಾರಾಯ್ರೆ. ಓದಿದವರ ಹಾಗೆ ಕಾಣ್ತೀರಿ."

ಜೀಪಿನಲ್ಲಿದ್ದ ಆರು ಮಂದಿ ನನ್ನನ್ನು ಕನಿಕರದಿಂದ ನೋಡಿದರು. ನಾನು ತಲೆ ತಗ್ಗಿಸಿದೆ. ಕಾಲಿನ ವಿಷಯ ನಾನು ಬರೆದೇ ಇರಲಿಲ್ಲ.

ಮುಂದಿನ ಕಂತಿನಲ್ಲಿ ಎಡಗಾಲು ಎಂದು ಸೇರಿಸಿದೆ.

ಮಜ್ಜಿಗೆ

ಸುಳ್ಯದಲ್ಲಿ ಐತಪ್ಪನನ್ನು ಕಣ್ಣಾರೆ ಕಂಡವರೊಬ್ಬರು ಇದ್ದಾರೆ ಎಂದು ಸಂಪಾದಕರು ನನ್ನನ್ನು ಕರೆದುಕೊಂಡು ಹೋದರು. ತೊಂಬತ್ತು ದಾಟಿದ ಅಜ್ಜಿ. ನೆನಪು ಚುರುಕು, ಕಿವಿ ಚುರುಕು. ಅವರೇನೂ ಸುಳ್ಳು ಹೇಳುವವರಲ್ಲ. ಮೊಮ್ಮಗಳು ವಾರವಾರ ಕಥೆ ಓದಿ ಹೇಳುತ್ತಿದ್ದಳು. ಕೇಳಿದ್ದು ಯಾವಾಗಲೋ ಕಂಡದ್ದಾಗಿತ್ತು.

"ನಾನು ಸಣ್ಣವಳು. ಜಗಲಿಗೆ ಬಂದ, ಗೆಜ್ಜೆ ಶಬ್ದ ಕೇಳಿ ಹೊರಗೆ ಓಡಿದೆ. ಮಜ್ಜಿಗೆ ಕೊಟ್ಟದ್ದು ನಾನೇ. ಎರಡು ಲೋಟ ಕುಡಿದ," ಎಂದರು.

ಸಂಪಾದಕರು ಬರೆದುಕೊಂಡರು. ನಿಜ ಹೇಳಬೇಕಾದ ಹೊತ್ತು ಅದೇ ಆಗಿತ್ತು. ಆದರೆ ಅಜ್ಜಿಯ ಮುಖ ನೋಡಿ ನನ್ನ ಬಾಯಿಯಿಂದ ಬಂದದ್ದು ಬೇರೆಯೇ.

"ನೋಡಲಿಕ್ಕೆ ಹೇಗಿದ್ದ ಅಜ್ಜಿ?"

ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ನಿಮ್ಮ ಹಾಗೆ ಅಲ್ಲಪ್ಪ. ಚಂದ ಇದ್ದ."

ಹಲಸಿನ ಮರ

ಇದೆಲ್ಲ ಮನಸ್ಸಿಗೆ ಚುಚ್ಚತೊಡಗಿ, ಒಂದು ಕಂತಿನಲ್ಲಾದರೂ ನಿಜ ಬರೆಯೋಣ ಎಂದುಕೊಂಡೆ. ಹೆಸರಿಲ್ಲದ ಇನ್ನೊಬ್ಬ ಓಟಗಾರನನ್ನು ತಂದು, ಹಂದಿ, ಹಲಸಿನ ಮರ, ಸಂಜೆಯವರೆಗೆ ಇಳಿಯದ್ದು, ಎಲ್ಲವನ್ನೂ ಇದ್ದ ಹಾಗೆ ಬರೆದೆ. ಅವನು ನಮ್ಮವನು ಎಂದು ಮಾತ್ರ ಬರೆಯಲಿಲ್ಲ. ಅಷ್ಟು ಧೈರ್ಯ ನಮ್ಮ ಮನೆತನದಲ್ಲಿ ಇಲ್ಲ.

ಇತಿಹಾಸ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಗ್ರಂಥಾಲಯಕ್ಕೇ ಬಂದರು. "ಹುಲಿಯದ್ದು ಸರಿ. ಹೊಳೆ ಹಾರಿದ್ದೂ ಸರಿ. ನಾನೇ ಹೋಗಿ ಕಲ್ಲು ನೋಡಿ ಬಂದೆ. ಆದರೆ ಈ ಹಲಸಿನ ಮರದ್ದು ಬೇಡವಿತ್ತು. ಆ ಕಾಲದವರು ಹಾಗೆಲ್ಲ ಹೆದರುವವರಲ್ಲ. ನಿಮ್ಮಂಥವರು ಸುಳ್ಳು ಬರೆಯಬಾರದು."

ತಪ್ಪಾಯಿತು ಎಂದೆ. ಅವರ ಎದುರಿಗೆ ಅದೊಂದು ನಿಜ ಹೇಳಿದೆ.

ಸಂಬಂಧ

ಕೊನೆಯ ಕಂತಿನಲ್ಲಿ ಐತಪ್ಪ ಟಪಾಲಿನ ಚೀಲ ಉಳಿಸಲು ಹೋಗಿ ನೆರೆನೀರಿನ ಪಾಲಾದ. ಮದುವೆ ಆಗದೆಯೇ ಸತ್ತ. ಅದಕ್ಕೆ ದೊಡ್ಡ ಕಾರಣವೇನಿಲ್ಲ. ಹೆಣ್ಣು ಗಂಡು ಮಾತನಾಡುವ ದೃಶ್ಯ ಬರೆಯಲು ನನಗೆ ನಾಚಿಕೆ.

ಎರಡು ತಿಂಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಕೊಲ್ಲಮೊಗ್ರಿನಿಂದ ಹಿರಿಯರೊಬ್ಬರು ಹೆಂಡತಿಯೊಂದಿಗೆ ಮನೆಗೆ ಬಂದರು. ನಾವು ಮಾತನಾಡಿದ್ದು ಅರೆಭಾಷೆಯಲ್ಲಿ. ಎಲ್ಲರಿಗೂ ತಿಳಿಯಲೆಂದು ಇಲ್ಲಿ ಬದಲಿಸಿದ್ದೇನೆ. ಅದನ್ನಾದರೂ ಮೊದಲೇ ಹೇಳಿಬಿಡುತ್ತೇನೆ.

ಬೆಲ್ಲ ನೀರು ಆದ ಮೇಲೆ ಹಿರಿಯರು, "ಒಂದು ಹೆಣ್ಣಿನ ವಿಷಯ," ಎಂದರು. "ನನ್ನ ಅಪ್ಪನ ತಂಗಿ. ಹದಿನೆಂಟಕ್ಕೆ ಹೋದರು. ನೀವು ಬರೆದ ಅದೇ ವರ್ಷ."

ನಮ್ಮ ಕಡೆ ಮದುವೆಯಾಗದೆ ತೀರಿಕೊಂಡವರಿಗೆ, ಹಾಗೆಯೇ ತೀರಿಕೊಂಡವರನ್ನು ಹುಡುಕಿ ಮದುವೆ ಮಾಡುವ ಕ್ರಮ ಉಂಟು. ಬಳಿ, ಎಂದರೆ ಗೋತ್ರದಂಥದ್ದು, ಒಂದೇ ಆಗಬಾರದು. ಒಂದೇ ಬಳಿಯವರು ಅಣ್ಣತಂಗಿಯರ ಹಾಗೆ. ಈ ಹಿರಿಯರ ಮೊಮ್ಮಗಳಿಗೆ ಮೂರು ಸಂಬಂಧ ಕೂಡಿ ಬಂದು ತಪ್ಪಿತ್ತು. ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ, ಅವಳಿಗಿಂತ ಮೊದಲೇ ಕಾದು ಕುಳಿತ ಹೆಣ್ಣು ಮನೆಯಲ್ಲಿ ಒಂದುಂಟು ಎಂದು ಕಂಡಿತ್ತು. ಮೊಮ್ಮಗಳೂ ಈಗ ಯಾರೆದುರೂ ಬರಲು ಒಪ್ಪುತ್ತಿರಲಿಲ್ಲ.

"ಆ ಕಾಲದ ಹುಡುಗರು ಸಿಕ್ಕುದು ಕಷ್ಟ," ಎಂದರು ಹಿರಿಯರು. "ಯಾರನ್ನು ಕೇಳಿದರೂ ಮದುವೆ ಆಗಿ ಸತ್ತವರೇ. ನಿಮ್ಮ ಐತಪ್ಪನದ್ದು ಓದಿದ ದಿನವೇ ಇವಳಿಗೆ ಹೇಳಿದೆ, ಹುಡುಗ ಸಿಕ್ಕಿದ ಅಂತ. ಅವರದ್ದು ಯಾವ ಬಳಿ?"

ಒಂದು ಬಳಿಯ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಹೆಸರು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಹಿರಿಯರ ಹೆಂಡತಿ, ಆ ಅಮ್ಮ, ಚೀಲದಿಂದ ಹೊಸ ಪಂಚೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಹುಡುಗನಿಗೆ. ಓಡುವವರಲ್ವಾ, ಎತ್ತರ ಇರಬಹುದು ಅಂತ ದೊಡ್ಡದೇ ತಂದೆ."

ಆ ಪಂಚೆ ನೋಡಿದ ಮೇಲೆ ನನ್ನಿಂದಾಗಲಿಲ್ಲ. "ಐತಪ್ಪ ಇಲ್ಲ," ಎಂದೆ.

"ಇಲ್ಲ ಅಂತ ಗೊತ್ತುಂಟು. ಅದಕ್ಕೇ ಬಂದದ್ದು."

"ಹಾಗಲ್ಲ. ಅವನು ಹುಟ್ಟಲೇ ಇಲ್ಲ. ನಾನು ಕಟ್ಟಿದ್ದು."

"ಕಲ್ಲಿನ ಮೇಲೆ ಹೆಜ್ಜೆ ಉಂಟಲ್ಲ?"

"ಅದು ಜೀಪಿನವರು ಕಟ್ಟಿದ್ದು."

ಅಮ್ಮ ಪಂಚೆಯನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿಕೊಂಡರು. ಬೈದಿದ್ದರೆ ವಾಸಿಯಿತ್ತು. ಹಿರಿಯರು ಮೆಟ್ಟಿಲವರೆಗೆ ಹೋಗಿ, ಚಪ್ಪಲಿ ಹಾಕಿ, ತಿರುಗಿ ನಿಂತರು.

"ನಿಮ್ಮ ಕಥೆಯಲ್ಲಿ ನಿಜವಾಗಿ ಸತ್ತವರು ಯಾರಾದರೂ ಉಂಟಾ?"

ಉಂಟು ಎಂದೆ. ಎರಡು ವರ್ಷದಲ್ಲಿ ಮೊದಲ ಸಲ ಎಲ್ಲವನ್ನೂ ಹೇಳಿದೆ. ಮರ ಹತ್ತಿದವ ನನ್ನ ಚಿಕ್ಕಜ್ಜ. ಮದುವೆ ಆಗಿರಲಿಲ್ಲ. ನಮ್ಮ ಬಳಿ ಇಂಥದ್ದು. "ಆದರೆ ಅವನು ಬಹಳ ಹೆದರುವವ," ಎಂದು ಸೇರಿಸಿದೆ.

ಹಿರಿಯರು ಹೆಂಡತಿಯ ಮುಖ ನೋಡಿದರು. ಬಳಿ ಬೇರೆಯೇ ಆಗಿತ್ತು.

"ಹೆದರುವವನಾದರೆ ಒಳ್ಳೆಯದೇ," ಎಂದರು ಆ ಅಮ್ಮ. "ಮನೆಯಲ್ಲಿ ಇರ್ತಾನೆ. ಆ ಓಡುವವನನ್ನು ಕಟ್ಟಿಕೊಂಡು ನಮ್ಮ ಹೆಣ್ಣು ಎಂತ ಮಾಡುದು?" ಪಂಚೆ ಮತ್ತೆ ಹೊರಗೆ ಬಂತು. "ಎತ್ತರ ಹೇಗೆ?"

"ಗಿಡ್ಡ."

"ಮಡಚಿ ಉಡಿಸುವ."

ಮದುವೆ ಕೊಲ್ಲಮೊಗ್ರಿನಲ್ಲಿ ಆಯಿತು. ಹೊರಡುವಾಗ ನನ್ನ ಹೆಂಡತಿ, ಚಿಕ್ಕಜ್ಜನ ಮದುವೆಗೆ ಯಾವ ಸೀರೆ ಉಡುವುದೆಂದು ಅರ್ಧ ಗಂಟೆ ಯೋಚಿಸಿದಳು. ಎರಡು ಮಣೆಗಳು. ಒಂದರ ಮೇಲೆ ಸೀರೆ, ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಮಡಚಿದ ಪಂಚೆ, ಶಲ್ಯ. ಧಾರೆ ಎರೆದರು. ಮೊಮ್ಮಗಳು ಎಲ್ಲರ ಎದುರಿಗೆ ಬಂದು ನಗುತ್ತ ಬಡಿಸಿದಳು. ಎಲೆಯ ತುದಿಗೆ ಎಳೆ ಹಲಸಿನ ಪಲ್ಯ ಬಿತ್ತು. ನಾನು ತಲೆ ಎತ್ತದೆ ತಿಂದೆ.

ಕೈ ತೊಳೆದು ಬರುವಾಗ ಹಿರಿಯರು ನನ್ನ ಭುಜ ಹಿಡಿದು ನೆಂಟರ ಮುಂದೆ ನಿಲ್ಲಿಸಿದರು.

"ಇವರು ಹುಡುಗನ ಕಡೆಯವರು. ಪೇಪರಿಗೆ ಕಥೆ ಬರೀತಾರೆ."

ನೆಂಟರು ಸ್ವಲ್ಪ ಅನುಮಾನದಿಂದ ಮಣೆಯ ಕಡೆ ನೋಡಿದರು. ಹಿರಿಯರು ಕೂಡಲೇ ಹೇಳಿದರು:

"ಹುಡುಗ ಮಾತ್ರ ನಿಜ. ನಾನು ವಿಚಾರಿಸಿದ್ದೇನೆ."