ನಡುವಿನ ಕುರ್ಚಿ

ಹಂಪಯ್ಯ ಮಾಸ್ತರನ ತಲೆನೋವು ಶುರುವಾದದ್ದು ಒಂದು ಕುರ್ಚಿಯಿಂದ. ಹಳ್ಳಿ ಮಕ್ಕಳಿಗೆ ದೊಡ್ಡಾಟವೆಂಬ ಬಯಲಾಟ ಕಲಿಸಲೆಂದು ಮೂರು ಊರಿನ ಮೂರು ಸೇವಾ ಸಂಸ್ಥೆಗಳು ಕೈಜೋಡಿಸಿದ್ದವು. ರಾಯಚೂರಿನವರು ವೇಷಭೂಷಣ ಕೊಟ್ಟರು, ಮಾನ್ವಿಯವರು ಸಭಾಭವನ ಕೊಟ್ಟರು, ದೇವದುರ್ಗದವರು ಹಂಪಯ್ಯನನ್ನೇ ಕೊಟ್ಟರು. ವರ್ಷವಿಡೀ ಜಗಳವಿಲ್ಲದೆ ನಡೆದ ಸಂಸಾರ, ಮಕ್ಕಳ ಮೊದಲ ಆಟದ ದಿನ, ವೇದಿಕೆಯ ನಡುವಿನ ಕುರ್ಚಿ ಯಾವ ಅಧ್ಯಕ್ಷರದು ಎಂಬಲ್ಲಿಗೆ ಬಂದು ಮುಗ್ಗರಿಸಿತು.

ಬೆಳಿಗ್ಗೆಯೇ ಮೂವರು ಅಧ್ಯಕ್ಷರ ಫೋನೂ ಬಂತು. ರಾಯಚೂರಿನ ಶರಣಯ್ಯನವರು ತಮ್ಮ ವಯಸ್ಸನ್ನು ನೆನಪಿಸಿದರು. ದೇವದುರ್ಗದ ಯಶೋಧಾ ಮೇಡಂ, ಮಾಸ್ತರನನ್ನು ಕಳಿಸಿದವರು ಯಾರೆಂದು ನೆನಪಿಸಿದರು. ಮಾನ್ವಿಯ ವಲಿ ಪಾಷಾ ಸಾಹೇಬರು ಏನನ್ನೂ ನೆನಪಿಸಲಿಲ್ಲ. ಕುರ್ಚಿಗಳು ತಮ್ಮವೇ ಎಂದಷ್ಟೇ ಹೇಳಿದರು.

ಹಂಪಯ್ಯ ಬಹಳ ಯೋಚಿಸಿ ನಾಲ್ಕು ಕುರ್ಚಿ ಹಾಕಿಸಿದ. ನಾಲ್ಕಿದ್ದರೆ ನಡುವಿನದು ಎಂಬುದೇ ಇರುವುದಿಲ್ಲವಲ್ಲ. ತನ್ನ ಜಾಣತನಕ್ಕೆ ತಾನೇ ಖುಷಿಪಟ್ಟು ಒಂದು ಚಹಾ ಕುಡಿದ.

ಅಷ್ಟರಲ್ಲಿ ಕುರ್ಡಿ ಹಳ್ಳಿಯಿಂದ ಅಂಬಮ್ಮ ಬಂದಳು. ರೈಸ್ ಮಿಲ್ಲಿನ ಅಂದಿನ ಕೆಲಸ ಬಿಟ್ಟು, ಮಗಳು ಕಾವ್ಯಾಳ ಆಟ ನೋಡಲು ಬಂದವಳು. ಶಾಲೆಯಲ್ಲಿ ಹಾಜರಿ ಕೂಗಿದರೂ ದನಿ ಎತ್ತದ ಹುಡುಗಿ ಕಾವ್ಯಾ. ಅವಳಿಗೆ ಹಂಪಯ್ಯ ಸಾರಥಿಯ ವೇಷ ಕೊಟ್ಟಿದ್ದ. ರಂಗಕ್ಕೆ ಬಂದವರನ್ನೆಲ್ಲ ತಡೆದು ನಿಲ್ಲಿಸಿ, ದೊಡ್ಡ ದನಿಯಲ್ಲಿ ಹೆಸರು, ಊರು ಕೇಳುವುದೇ ಸಾರಥಿಯ ಕೆಲಸ. ಆ ದನಿ ಹೊರಡಿಸಲು ಅವನು ಪಟ್ಟ ಪಾಡು ಅವನಿಗೇ ಗೊತ್ತು.

"ಸಂಜಿ ಬಸ್ ಹೋದ್ರ ನಮ್ಮೂರಿಗೆ ಮತ್ತ ಬಸ್ಸಿಲ್ರೀ ಸರ," ಎಂದಳು ಅಂಬಮ್ಮ. "ಅಷ್ಟ್ರಾಗ ನನ್ನ ಮಗಳ ದನಿ ಒಂದು ಕೇಳಿಸ್ರಿ."

ಹಂಪಯ್ಯ ಮಾತು ಕೊಟ್ಟ.

ಮಧ್ಯಾಹ್ನ ಅಧ್ಯಕ್ಷರು ಬಂದರು. ಮೂವರೂ ಕುರ್ಚಿ ಎಣಿಸಿದರು.

"ನಾಲ್ಕನೇದು ಯಾರಿಗ್ರೀ ಮಾಸ್ತರ?" ಎಂದರು ಶರಣಯ್ಯ.

"ಯಾರರ ದೊಡ್ಡವ್ರು ಬಂದ್ರ ಇರಲಿ ಅಂತರೀ," ಎಂದು ಹಂಪಯ್ಯ ಬಾಯಿಗೆ ಬಂದದ್ದು ಹೇಳಿದ.

ಅಲ್ಲಿಗೆ ಕೆಟ್ಟಿತು. ತಮಗಿಂತ ದೊಡ್ಡವರೆಂದರೆ ಮಂತ್ರಿಗಳೇ ಇರಬೇಕೆಂದು ಶರಣಯ್ಯನವರೂ, ಬೆಂಗಳೂರಿನ ಅಧಿಕಾರಿ ಇರಬೇಕೆಂದು ಯಶೋಧಾ ಮೇಡಮ್ಮೂ ತೀರ್ಮಾನಿಸಿದರು. ವಲಿ ಪಾಷಾ ಇನ್ನೊಂದು ಹಾರ ತರಲು ಪೇಟೆಗೆ ಆಳು ಕಳಿಸಿದರು. ದೊಡ್ಡವರು ಬರುವ ಮೊದಲು ತಾವು ಕೂತರೆ ಚೆನ್ನಾಗಿರುವುದಿಲ್ಲವೆಂದು ಮೂವರೂ ಹಿಂದಿನ ಕೋಣೆಯಲ್ಲಿ ಕಾಯುತ್ತ ಕುಳಿತುಬಿಟ್ಟರು. ಸಭೆ ಶುರುವಾಗದೆ ಆಟವಿಲ್ಲ, ಬಾರದ ಅತಿಥಿ ಬರದೆ ಸಭೆಯಿಲ್ಲ.

ಬಿಸಿಲು ಇಳಿಯತೊಡಗಿತು. ಮುಂದಿನ ಸಾಲಿನಲ್ಲಿ ಕುಳಿತ ಅಂಬಮ್ಮ ಗಳಿಗೆಗೊಮ್ಮೆ ಬಸ್ ಸ್ಟ್ಯಾಂಡಿನ ಕಡೆ ನೋಡುತ್ತಿದ್ದಳು. ನಿಜ ಹೇಳಿಬಿಡೋಣವೆಂದು ಹಂಪಯ್ಯ ಕೋಣೆಯ ತನಕ ಹೋದ. ಅಲ್ಲಿ ಮೂವರೂ ಸ್ವಾಗತ ಭಾಷಣ ಬಾಯಿಪಾಠ ಮಾಡುತ್ತಿದ್ದರು. ಅವನ ಧೈರ್ಯ ಬಾಗಿಲಲ್ಲೇ ಉಳಿಯಿತು. ತಿರುಗಿ ಬಂದವನೇ, ಆದದ್ದಾಗಲಿ ಎಂದು ಮದ್ದಲೆಯವನಿಗೆ ಸನ್ನೆ ಮಾಡಿದ.

ಮದ್ದಲೆ ಬಡಿದದ್ದೇ ತಡ, ಅತಿಥಿ ಬಂದೇ ಬಿಟ್ಟರೆಂದು ಮೂವರೂ ಎದ್ದು ಓಡಿದರು. ಹತ್ತಿರದ ದಾರಿಯೆಂದರೆ ರಾಜವೇಷ ಒಳಬರುವ ಪರದೆಯ ಬಾಗಿಲು. ಒಬ್ಬರ ಹಿಂದೊಬ್ಬರು ಅದರಲ್ಲೇ ನುಗ್ಗಿ ರಂಗದ ನಡುವೆ ಬಂದು ನಿಂತರು.

ಎದುರಿಗೆ ಸಾರಥಿ ಕಾವ್ಯಾ. ಯಾರೇ ಬರಲಿ, ಅಂಜದೆ ತಡೆಯಬೇಕೆಂದು ಮಾಸ್ತರ ಕಲಿಸಿದ್ದ. ಅವಳು ತಡೆದಳು.

"ಭಳಿರೇ, ಈ ಭರಿತ ಸಭೆಗೆ ಬಂದಂಥ ತಾವು ಯಾರು? ತಮ್ಮ ಊರಾವುದು, ನಾಮಾಂಕಿತವೇನು?"

ಹಂಪಯ್ಯ ಕಣ್ಣು ಮುಚ್ಚಿಕೊಂಡ. ನಾಳೆಯಿಂದ ಕೆಲಸವಿಲ್ಲ ಎಂದುಕೊಂಡ.

ಶರಣಯ್ಯನವರು ಆ ಕಡೆ ಈ ಕಡೆ ನೋಡಿದರು. ಆಮೇಲೆ ಶಲ್ಯ ಹೆಗಲಿಗೆಸೆದು ಹಲಗೆ ಅದುರುವಂತೆ ಹೆಜ್ಜೆ ಹಾಕಿದರು.

"ಭಳಿರೇ ಸಾರಥಿ, ರಾಯಚೂರೆಂಬ ಪಟ್ಟಣದಿಂದ ಬಂದ ಶರಣಯ್ಯನೆಂದು ತಿಳಿ."

ಜನ ಸಿಳ್ಳೆ ಹೊಡೆದರು. ಯಶೋಧಾ ಮೇಡಂ ಸೆರಗು ಸಿಕ್ಕಿಸಿ ದೇವದುರ್ಗವನ್ನು ಹೊಗಳಿದರು. ವಲಿ ಪಾಷಾ ಮೀಸೆ ತಿರುವಿ ಒಂದು ಸುತ್ತು ಕುಣಿದೇ ಕುಣಿದರು. ಒಂದೊಂದು ತಾಸಿನ ಭಾಷಣ ಒಂದೊಂದು ಉಸಿರಿಗೆ ಮುಗಿಯಿತು. ಮೂವರೂ ಏದುಸಿರು ಬಿಡುತ್ತ ರಂಗದ ಅಂಚಿನಲ್ಲಿ ನೆಲಕ್ಕೇ ಕುಳಿತು ಆಟವನ್ನೆಲ್ಲ ನೋಡಿದರು. ಕುರ್ಚಿಯ ನೆನಪು ಯಾರಿಗೂ ಬರಲಿಲ್ಲ.

ಕಾವ್ಯಾಳ ದನಿ ಕೊನೆಯ ಸಾಲಿಗೂ ಮುಟ್ಟಿತು. ಅಂಬಮ್ಮ ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ಕೇಳಿದಳು. ತಾಯಿ ಮಗಳಿಗೆ ಬಸ್ಸೂ ಸಿಕ್ಕಿತು. ಅವರನ್ನು ಹತ್ತಿಸಿ ಬಂದ ಹಂಪಯ್ಯನನ್ನು ಮೂವರೂ ಕರೆದರು. ಅವನು ಕೈಕಟ್ಟಿ ನಿಂತ.

"ಸಣ್ಣಾವಿದ್ದಾಗ ದೊಡ್ಡಾಟ ಅಂದ್ರ ನನಗ ಬಾಳ ಆಸಿ ಇತ್ತು ಮಾಸ್ತರ," ಎಂದರು ವಲಿ ಪಾಷಾ ಮೆಲ್ಲಗೆ. "ಕಲಸೋರು ಯಾರೂ ಇದ್ದಿಲ್ಲ."

ಉಳಿದಿಬ್ಬರೂ ತಲೆ ತಗ್ಗಿಸಿದರು. ಅವರದೂ ಅದೇ ಕಥೆ. ಬರುವ ವರ್ಷ ಮಕ್ಕಳ ಜೊತೆ ತಾವೂ ವೇಷ ಕಟ್ಟುವುದೆಂದು ಮೂರು ಸಂಸ್ಥೆಗಳೂ ಅಲ್ಲೇ ಒಮ್ಮತದಿಂದ ಒಪ್ಪಿದವು. ಹಂಪಯ್ಯನ ಕಣ್ಣು ತುಂಬಿ ಬಂತು. ವೇಷ ಕಟ್ಟಿದವರಿಗೆ ಕುರ್ಚಿ ಬೇಡವಲ್ಲ. ಆ ತಲೆನೋವು ಇಲ್ಲಿಗೆ ತೀರಿತೆಂದು ನಿಟ್ಟುಸಿರು ಬಿಟ್ಟ.

ಹೊರಡುವಾಗ ಶರಣಯ್ಯನವರು ಅವನನ್ನು ಬೇವಿನ ಮರದ ಕೆಳಗೆ ಕರೆದು, ರಾಜನ ಪಾತ್ರ ತಮಗೇ ಇರಲಿ ಎಂದರು. ಗೇಟಿನ ಹತ್ತಿರ ಯಶೋಧಾ ಮೇಡಂ ಅದನ್ನೇ ಹೇಳಿದರು. ವಲಿ ಪಾಷಾ ಕೇಳಲೂ ಇಲ್ಲ. ಕಿರೀಟಕ್ಕೆ ತಲೆಯ ಅಳತೆ ತೆಗೆದುಕೊಳ್ಳಿ ಎಂದು ಬಗ್ಗಿ ನಿಂತರು.

ಹಂಪಯ್ಯ ಮತ್ತೆ ಒಳಗೆ ಬಂದು ಖಾಲಿ ರಂಗವನ್ನು ನೋಡುತ್ತ ನಿಂತ. ದೊಡ್ಡಾಟಕ್ಕೆ ಸಿಂಹಾಸನ ಒಂದೇ. ಅದನ್ನು ನಡುವೆಯೇ ಹಾಕಬೇಕು.