ಇಪ್ಪತ್ತು ನಿಮಿಷದ ನಡಿಗೆ

ಬೀದಿಯಲ್ಲಿದ್ದ ಒಂದೇ ದಿನಸಿ ಅಂಗಡಿ ಮುಚ್ಚಿದಾಗಿನಿಂದ ಟೈಲರನ ಕತ್ತರಿಗಿಂತ ಅವನ ಚಪ್ಪಲಿಯೇ ಹೆಚ್ಚು ದುಡಿಯುತ್ತಿತ್ತು. ಅಗ್ಗದ ಅಂಗಡಿ ದೊಡ್ಡ ರಸ್ತೆಯ ಆಚೆ. ಹೆಂಡತಿ ಅಕ್ಕಿಗೆ ಕಳಿಸಿದರೆ ಸಾಕು, ಅಕ್ಕಪಕ್ಕದವರೆಲ್ಲ ಹೇಗೂ ಹೊರಟಿದ್ದೀಯಲ್ಲ ಎಂದು ಒಂದೊಂದು ಚೀಲ ತಂದು ಅವನ ಹೆಗಲಿಗೇರಿಸುತ್ತಿದ್ದರು. ಹಿಂದಿರುಗುವಾಗ ಅವನು ಕಾಲು ಮೂಡಿದ ಗೋದಾಮಿನಂತೆ ಕಾಣುತ್ತಿದ್ದ. ಇತ್ತ ಮದುವೆ ಗಂಡಿನ ಅಂಗಿ ತೋಳಿಲ್ಲದೆ ತೂಗಾಡುತ್ತಿತ್ತು.

ಅಷ್ಟರಲ್ಲಿ ನಗರಸಭೆಯ ಅಧಿಕಾರಿ ಬಂದ. ಅಂಗಡಿಗೆ ನಡೆಯಲು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಬೀದಿಯಲ್ಲೇ ಅಗ್ಗದ ಅಂಗಡಿ ತೆರೆಸುತ್ತಾರಂತೆ. ಬೀದಿಯವನೊಬ್ಬ ನಡೆಯಬೇಕು, ಅಧಿಕಾರಿ ಗಡಿಯಾರ ಹಿಡಿದು ಹಿಂದೆ ಬರುತ್ತಾನೆ.

ಎಲ್ಲರೂ ಟೈಲರನನ್ನೇ ಮುಂದೆ ತಳ್ಳಿದರು. ನಿವೃತ್ತ ಮೇಷ್ಟ್ರು ಅವನ ಕಿವಿಯಲ್ಲಿ, "ನಿನ್ನ ಮಾಮೂಲು ನಡಿಗೆ ಹದಿನೆಂಟು ನಿಮಿಷ ಕಣಯ್ಯ. ಒಂದು ಮೂರು ನಿಮಿಷ ಎಳೆದುಬಿಡು," ಎಂದರು.

"ಮೂರು ಯಾವ ಮೂಲೆಗೆ ಸಾಕು? ಕುಂಟ್ಕೊಂಡು ಹೋಗ್ರಿ," ಎಂದಳು ಹೆಂಡತಿ.

ಮಹಡಿಯ ಅಜ್ಜಿ ಅವನ ಮಂಡಿಗೆ ಹಳೇ ಸೀರೆ ಸುತ್ತಿದಳು. ಟೈಲರ್ ಹೊರಟ. ಹತ್ತು ಹೆಜ್ಜೆಗೊಮ್ಮೆ ಕೆಮ್ಮಿದ, ಕಂಬ ಕಂಡಲ್ಲೆಲ್ಲ ತಬ್ಬಿಕೊಂಡ. ಆಮೆಯೊಂದು ಜೊತೆಗಿದ್ದಿದ್ದರೆ ಬೇಸತ್ತು ಮುಂದೆ ಹೋಗುತ್ತಿತ್ತು. ದೊಡ್ಡ ರಸ್ತೆಯಲ್ಲಿ ಯಾರೋ ಪೈಲ್ವಾನನಂಥವನು ಅಯ್ಯೋ ಪಾಪ ಎಂದು ಅವನನ್ನು ಎತ್ತಿಕೊಂಡು ಆಚೆ ಇಳಿಸಿಬಿಟ್ಟ. ನಿಮಿಷಗಳೆಲ್ಲ ಹಾಳಾದವಲ್ಲ ಎಂದು ಗಾಬರಿಯಾದ ಟೈಲರ್ ತಿರುಗಿ ಈಚೆಗೆ ಬಂದು, ಮತ್ತೆ ತೆವಳುತ್ತ ದಾಟಿದ. ಆ ಗಡಿಬಿಡಿಯಲ್ಲಿ ಕುಂಟುವ ಕಾಲು ಬಲದಿಂದ ಎಡಕ್ಕೆ ಬದಲಾದದ್ದು ಅವನಿಗೇ ತಿಳಿಯಲಿಲ್ಲ.

ಐವತ್ತೆರಡು ನಿಮಿಷ. ಸುದ್ದಿ ತಿಳಿದು ಬೀದಿ ಕುಣಿಯಿತು. ಟೈಲರ್ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಇನ್ನು ಈ ಕುರ್ಚಿಯಿಂದ ಏಳುವುದಿಲ್ಲ ಎಂದು ಕೂತ.

ಸಂಜೆ ನಗರಸಭೆಯಿಂದ ಆ ಅಧಿಕಾರಿಯ ಕಾಗದ ಬಂತು. ಮೇಷ್ಟ್ರು ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದರು.

"ಹಿಂದಿರುಗುವಾಗ ನಾನೇ ನಡೆದು ನೋಡಿದೆ, ಹದಿನೆಂಟು ನಿಮಿಷ. ಅಂಗಡಿ ದೂರವಿಲ್ಲ. ನಡೆದ ವ್ಯಕ್ತಿಗೆ ನಡೆದು ಅಭ್ಯಾಸವಿಲ್ಲ; ಯಾವ ಕಾಲು ನೋಯುತ್ತಿದೆ ಎಂಬುದೂ ಅವರಿಗೆ ತಿಳಿಯದು. ನಮ್ಮ ವೈದ್ಯರ ಸಲಹೆಯಂತೆ ಇವರನ್ನು ದಿನಕ್ಕೆರಡು ಸಲ ಅದೇ ಅಂಗಡಿಗೆ ನಡೆಸತಕ್ಕದ್ದು. ಬೀದಿಯವರೆಲ್ಲ ಸಹಕರಿಸತಕ್ಕದ್ದು."

ಬೀದಿಯವರೆಲ್ಲ ಟೈಲರನ ಕಡೆ ತಿರುಗಿದರು.

"ಸರ್ಕಾರದ ಮಾತು, ಮೀರೋ ಹಾಗಿಲ್ಲ," ಎಂದಳು ಹೆಂಡತಿ. "ಬೆಳಗ್ಗೆ ನಮ್ಮನೇದು ತರ್ತಾರೆ. ಸಾಯಂಕಾಲಕ್ಕೆ ನಿಮ್ಮದೆಲ್ಲ ಹೇಳ್ಕೊಳ್ಳಿ."