ಗರಗಸಕ್ಕೆ ಮೊರದ ಬಾಗಿನ

ಅಪಾಯವನ್ನು ಮೊದಲೇ ಊಹಿಸಿ ಅದಕ್ಕೆ ತಕ್ಕ ಉಪಾಯ ಹೂಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ನಂಬಿಕೆಗೆ ಆಧಾರ ಇರಲೇಬೇಕೆಂಬ ಕಾನೂನು ಇಲ್ಲವಲ್ಲ!

ಆಗ ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಮ್ಮ ಮನೆಯ ಹಿಂದೆ ತಗಡಿನ ಷೆಡ್ಡು ಹಾಕಿ, ಆಫೀಸಿನ ಗುಮಾಸ್ತಿಕೆ ಮುಗಿಸಿ ಬಂದ ಮೇಲೆ ಬಡಗಿ ಸಿದ್ದಾಚಾರರ ಜೊತೆ ಬೆಂಚು, ಸ್ಟೂಲು ಮಾಡುತ್ತಿದ್ದೆ. ಕೆಂಗೇರಿಯ ಬಾವಮೈದ ತಿಮ್ಮಯ್ಯ ತನ್ನ ಮರದ ಡಿಪೋದಲ್ಲಿ ಸುಮ್ಮನೆ ಬಿದ್ದಿದ್ದ ಕರೆಂಟಿನ ಗರಗಸವೊಂದನ್ನು ಎತ್ತಿನ ಗಾಡಿಯಲ್ಲಿ ಕಳಿಸಿಕೊಟ್ಟ. ಮೇಜಿನ ನಡುವೆ ಊಟದ ತಟ್ಟೆಯಷ್ಟಗಲದ ಹಲ್ಲುಚಕ್ರ. ಗುಂಡಿ ಒತ್ತಿದರೆ ಗಿರ್ರೆಂದು ತಿರುಗಿ ಹಲಗೆಯನ್ನು ಸೀಳುತ್ತಿತ್ತು. ನನಗೆ ಮೊದಲ ನೋಟದಲ್ಲೇ ಅದರ ಮೇಲೆ ಪ್ರೀತಿ ಹುಟ್ಟಿತು.

ನನ್ನ ಹೆಂಡತಿ ಜಯಮ್ಮನಿಗೆ ಹುಟ್ಟಲಿಲ್ಲ.

"ನೋಡ್ರೀ, ನಿಮ್ಮ ಕೈಲಿ ಒಂದು ತೊಟ್ಟು ರಕ್ತ ಕಂಡ್ರೂ ಸರಿ, ಮಾರನೇ ದಿನವೇ ತಮ್ಮನ ಗಾಡಿ ಕರೆಸ್ತೀನಿ. ಇದು ಬಂದ ದಾರೀಲೇ ವಾಪಸ್ ಹೋಗುತ್ತೆ."

ಸಿದ್ದಾಚಾರರು ತಮ್ಮ ಎಡಗೈ ಎತ್ತಿ ತೋರಿಸಿದರು. ಅದರಲ್ಲಿ ಮೂರೇ ಬೆರಳು. "ಸಣ್ಣ ತುಂಡನ್ನ ಬೆರಳಲ್ಲಿ ತಳ್ಳಬಾರದು ಸ್ವಾಮಿ, ಕೋಲಲ್ಲಿ ತಳ್ಳಬೇಕು. ಎರಡು ಬೆರಳು ಹೋದ ಮೇಲೆ ನನಗೆ ಗೊತ್ತಾಯ್ತು. ಇರಿ, ಒಂದು ತಳ್ಳುಕೋಲು ಮಾಡಿಕೊಡ್ತೀನಿ."

"ನಿಮಗ್ಯಾಕೆ ತೊಂದರೆ? ರಕ್ಷಣಾ ವಿಭಾಗ ನನಗೆ ಬಿಡಿ!" ಎಂದೆ.

ಮಾಡುವುದೇಕೆ, ಅಡುಗೆಮನೆಯಲ್ಲಿ ಸಿದ್ಧವಾದ ಕೋಲೇ ಇತ್ತು. ಮುದ್ದೆ ತಿರುವುವ ಕೋಲು! ಜಯಮ್ಮ ತವರಿನಿಂದ ತಂದದ್ದು, ಹಿಟ್ಟು ತಿರುವಿ ತಿರುವಿ ನುಣುಪಾಗಿತ್ತು. ತುಂಡನ್ನು ಹಿಡಿಯಲು ಅದರ ತುದಿಯಲ್ಲಿ ಒಂದು ಕಚ್ಚು ಇರಬೇಕೆಂದು ಆಚಾರರು ಹೇಳುವಷ್ಟರಲ್ಲಿ ನಾನು ಗುಂಡಿ ಒತ್ತಿಯಾಗಿತ್ತು. ನುಣುಪು ಕೋಲು ಹಲಗೆಯಿಂದ ಜಾರಿ ಚಕ್ರಕ್ಕೆ ಸಿಕ್ಕಿತು. ಢಣ್! ಕೋಲಿನ ಅರ್ಧ ತಗಡಿನ ಗೋಡೆಗೆ ಬಡಿಯಿತು. ಇನ್ನರ್ಧ ನನ್ನ ಕೈಯಲ್ಲೇ ಉಳಿದಿತ್ತು. ಆಚಾರರು ಬೆಂಚಿನ ಕೆಳಗಿದ್ದರು.

ಆ ದಿನ ಜಯಮ್ಮ ಸೌಟಿನ ಹಿಡಿಯಲ್ಲಿ ಮುದ್ದೆ ತಿರುವಿದಳು. ಮುದ್ದೆಗಿಂತ ಗಂಟೇ ಜಾಸ್ತಿ. "ನುಂಗಿ" ಎಂದಳು. ನುಂಗಿದೆ. ರಕ್ತ ಬಂದಿರಲಿಲ್ಲವಾದ್ದರಿಂದ ಗರಗಸ ಉಳಿಯಿತು.

ಕೋಲಿನಿಂದ ಪ್ರಯೋಜನವಿಲ್ಲ, ಚಕ್ರವನ್ನೇ ಮುಚ್ಚಬೇಕು ಎಂದು ನಾನು ತೀರ್ಮಾನಿಸಿದೆ. ಮಾರನೆಯ ದಿನ, ಗೌರಿಹಬ್ಬಕ್ಕೆಂದು ತಂದಿಟ್ಟಿದ್ದ ಹೊಸ ಬಿದಿರಿನ ಮೊರವೊಂದನ್ನು ಮೆಲ್ಲನೆ ಎತ್ತಿಕೊಂಡು ಬಂದು, ತೊಲೆಯಿಂದ ಹಗ್ಗ ಇಳಿಬಿಟ್ಟು ಚಕ್ರದ ಮೇಲೆ ಬೋರಲು ಕಟ್ಟಿದೆ.

ಆಚಾರರು ಬಂದು ನೋಡಿ ಕೈ ಮುಗಿದರು. "ಏನ್ ಸ್ವಾಮಿ, ಗರಗಸಕ್ಕೆ ಬಾಗಿನ ಕೊಟ್ಟುಬಿಟ್ರಾ? ಬಳೆ, ಬಿಚ್ಚೋಲೆ ಎಲ್ಲಿ?"

ನಾನು ಗಂಭೀರವಾಗಿ ಕೆಲಸ ಆರಂಭಿಸಿದೆ. ಮೊರದ ಮರೆಯಲ್ಲಿ ಚಕ್ರವೂ ಕಾಣಲಿಲ್ಲ, ಹಲಗೆಯ ಮೇಲೆ ಎಳೆದ ಗೆರೆಯೂ ಕಾಣಲಿಲ್ಲ. ಹಲಗೆ ಹಾವಿನಂತೆ ಸೀಳಿಕೊಂಡಿತು. ಅಷ್ಟರಲ್ಲಿ ಹಗ್ಗ ಸಡಿಲಿ ಮೊರ ಇಳಿಯಿತು. ಚಕ್ರ ಅದನ್ನು ಕಡ್ಡಿಕಡ್ಡಿಯಾಗಿ ಷೆಡ್ಡಿನ ತುಂಬ ಹಂಚಿತು. ಕಣ್ಣಿಗೆ ತುಂಬಿದ ಮರದ ಹೊಟ್ಟು ಒರೆಸಿಕೊಂಡು ನೋಡಿದರೆ ಬಾಗಿಲಲ್ಲಿ ಜಯಮ್ಮ.

"ಜೊತೆ ಮೊರದಲ್ಲಿ ಒಂದು ಹೋಯ್ತು. ಒಂಟಿ ಮೊರದಲ್ಲಿ ಬಾಗಿನ ಕೊಡೋಕಾಗುತ್ತೇನ್ರೀ?"

"ರಕ್ತ ಬಂದಿಲ್ಲ ಕಣೇ!" ಎಂದು ಎರಡೂ ಕೈ ಚಾಚಿದೆ. ಅವಳು ಒಂದೊಂದು ಬೆರಳನ್ನೂ ತಿರುಗಿಸಿ ನೋಡಿ, ತಮ್ಮನ ಗಾಡಿ ಬರುವ ದಾರಿಯತ್ತ ಒಮ್ಮೆ ಕಣ್ಣು ಹಾಯಿಸಿ ಒಳಗೆ ಹೋದಳು. ನನಗೆ ನಿಜಕ್ಕೂ ಭಯವಾಯಿತು. ಇನ್ನೊಂದು ತಪ್ಪಾದರೆ ಗಾಡಿ ಬರುವುದು ಖಂಡಿತ.

ಆದ್ದರಿಂದ ಭಾನುವಾರ ಶಾಸ್ತ್ರೋಕ್ತವಾಗಿ ತಳ್ಳುಕೋಲು ಮಾಡಲು ಕುಳಿತೆ. ಗರಗಸ ನಿಲ್ಲಿಸಿದೆ. ಸಾಲದೆಂದು ಫ್ಯೂಸು ಕಿತ್ತು ಜೇಬಿನಲ್ಲಿ ಇಟ್ಟುಕೊಂಡೆ. ಎಡಗೈಯಲ್ಲಿ ತೇಗದ ತುಂಡು, ಬಲಗೈಯಲ್ಲಿ ಉಳಿ.

"ಕೈಲಿ ಹಿಡ್ಕೋಬೇಡಿ ಸ್ವಾಮಿ, ಬೆಂಚಿಗೆ ಬಿಗೀರಿ," ಎಂದರು ಆಚಾರರು.

"ಮೆಷಿನ್ನೇ ನಿಂತಿದೆ, ಇನ್ನೇನು ಭಯ?"

ಆ ಪ್ರಶ್ನೆಗೆ ಉಳಿಯೇ ಉತ್ತರ ಕೊಟ್ಟಿತು. ಎಡ ಹೆಬ್ಬೆರಳಿನಿಂದ ರಕ್ತ ತೊಟ್ಟಲ್ಲ, ಧಾರೆ!

ಜಯಮ್ಮ ಓಡಿ ಬಂದು ಗಾಯಕ್ಕೆ ಕಾಫಿಪುಡಿ ಮೆತ್ತಿ, ಹಳೇ ಪಂಚೆ ಹರಿದು ಕಟ್ಟಿದಳು. ನನಗೆ ಅಳು ಬಂತು. ಗಾಯಕ್ಕಲ್ಲ, ಗರಗಸ ಹೊರಟುಹೋಗುತ್ತದಲ್ಲಾ ಎಂದು.

"ಜಯಾ, ಇದರಲ್ಲಿ ಮೆಷಿನ್ನಿನ ತಪ್ಪು ಲವಲೇಶವೂ ಇಲ್ಲ! ಅದು ನಿಂತೇ ಇತ್ತು. ಬೇಕಾದರೆ ಫ್ಯೂಸು ನೋಡು! ಆಚಾರರನ್ನೇ ಕೇಳು!"

"ಹೌದು ತಾಯಿ," ಎಂದರು ಆಚಾರರು. "ಮೆಷಿನ್ನು ಪಾಪ, ಏನೂ ಮಾಡಿಲ್ಲ."

ಜಯಮ್ಮ ಗರಗಸವನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಗರಗಸವನ್ನು ನೋಡಿದಳು.

"ಸರಿ, ಇರ್ಲಿ ಬಿಡಿ ಅದು."

ನನ್ನ ಎದೆ ಉಬ್ಬಿತು. ಅವಳು ನನ್ನ ಜೇಬಿಗೆ ಕೈ ಹಾಕಿ ಫ್ಯೂಸನ್ನು ತೆಗೆದು ಆಚಾರರ ಮೂರು ಬೆರಳಿನ ಕೈಗೆ ಕೊಟ್ಟಳು.

"ಆಚಾರ್ರೇ, ಇನ್ಮೇಲೆ ಇದು ನಿಮ್ಮ ಹತ್ರಾನೇ ಇರ್ಲಿ. ಷೆಡ್ಡಿನ ಬಾಗಿಲ ಒಳಗೆ ಇವರನ್ನ ಮಾತ್ರ ಬಿಡಬೇಡಿ."